ದಂಡಿನ ವೀಳ್ಯ

ನಮ್ಮೂರಿನ ಅರಳಿಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತಿದ್ದ ಆ ಸವಾರನನ್ನು ನಾನು ಹುಟ್ಟಿದಾಗಿನಿಂದ ದ್ವೇಷಿಸಿದೆ ಅಂದರೆ ಸುಳ್ಳಾಗುತ್ತದೆ. ದ್ವೇಷಿಸುವುದಕ್ಕೂ ಒಂದಿಷ್ಟು ಬುದ್ಧಿ ಬರಬೇಕು. ನನಗೆ ಬುದ್ಧಿ ಬಂದ ಮೇಲೆ ಒಂದು ದಿನವೂ ಬಿಡಲಿಲ್ಲ. ಅವನು ಸತ್ತು ಎಷ್ಟೋ ಕಾಲವಾಯಿತು, ನನ್ನ ಹಲ್ಲೂ ಉದುರಿವೆ, ಆದರೂ ಆ ಕಟ್ಟೆಯ ಮುಂದೆ ಹಾದುಹೋಗುವಾಗ ಈಗಲೂ ನನ್ನ ಹೆಜ್ಜೆ ಬಿರುಸಾಗುತ್ತದೆ. ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡುವುದಕ್ಕೆ ಬಿಟ್ಟಿದ್ದರೆ ಈಗ ಆಡುವ ಪ್ರಮೇಯವೇ ಬರುತ್ತಿರಲಿಲ್ಲ.

ಬಿಳಿಕೆರೆಯಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಒಳಕ್ಕೆ ನಡೆದರೆ ನಮ್ಮೂರು. ರಾಗಿ, ಹುರುಳಿ, ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಹೊಗೆಸೊಪ್ಪು. ಮೊದಲನೆಯ ಮಹಾಯುದ್ಧಕ್ಕೆ ಈ ಊರಿಂದ ಮೂವರು ಹೋಗಿದ್ದರು. ಒಬ್ಬ ಈ ಸವಾರ, ದೊಡ್ಡಮನೆಯವನು, ಮಹಾರಾಜರ ಕುದುರೆ ದಂಡಿನಲ್ಲಿ ಭರ್ಜಿ ಹಿಡಿದವನು. ಇನ್ನೊಬ್ಬ ನಮ್ಮಪ್ಪ, ಸಾಗಣೆ ದಳದಲ್ಲಿ ಹೇಸರಗತ್ತೆ ನಡೆಸಿದವನು. ಮೂರನೆಯವನು ಊರಾಚೆಯ ಕೇರಿಯವನು, ಸವಾರನ ಕುದುರೆಗೆ ಹುಲ್ಲು ಕೊಯ್ದು ಹಾಕುವುದಕ್ಕೆಂದು ಅವನ ಬೆನ್ನಿಗೇ ಹೊರಟವನು. ಹಿಂದಿರುಗಿ ಬಂದವರು ಇಬ್ಬರು. ಹುಲ್ಲಿನವನು ಬರಲಿಲ್ಲ.

ಅವನೇನಾದ ಎಂದು ಕೇಳಿದವರಿಗೆ ಸವಾರನ ಬಳಿ ಉತ್ತರ ಸಿದ್ಧವಿತ್ತು. "ಓಡೋದ ಕಣ್ಲಾ. ಗುಂಡಿನ ಸದ್ದು ಕೇಳುತ್ಲೂ ಕುಡುಗೋಲು ಬಿಸಾಕಿ ಮರಳುಗಾಡಲ್ಲಿ ಓಡೋದ. ಆ ಜನದ್ ಅಣೇಬರಾನೇ ಅಷ್ಟು." ಹೀಗೆ ಹೇಳಿ ನಗುತ್ತಿದ್ದ. ಕಟ್ಟೆಯ ಮೇಲಿದ್ದವರೆಲ್ಲ ಅವನ ಜೊತೆ ನಗುತ್ತಿದ್ದರು. ಅವನ ತೊಡೆಯಲ್ಲಿ ಗುಂಡು ಹೊಕ್ಕು ಹೊರಟ ಗುರುತಿತ್ತು, ಕುಂಟುತ್ತಿದ್ದ, ಕೋಟಿನ ಮೇಲೆ ಎರಡು ಬಿಲ್ಲೆ ಹಾಕಿಕೊಳ್ಳುತ್ತಿದ್ದ. ಇಷ್ಟಿದ್ದವನ ಮಾತನ್ನು ನಂಬದೆ ಇರುವ ಧೈರ್ಯ ನಮ್ಮೂರಲ್ಲಿ ಯಾರಿಗಿತ್ತು?

ಅವನ ಎರಡನೆಯ ತಮಾಷೆ ನಮ್ಮಪ್ಪ. "ದಂಡಿಗೆ ಹೋಗಿದ್ದೋನು ನಾನು. ಅವ್ನು ಕತ್ತೆ ಲದ್ದಿ ಬಾಚಕ್ಕೆ ಹೋಗಿದ್ದ." ನಾನು ಲಂಗ ಎತ್ತಿಕೊಂಡು ಬಾವಿಗೆ ಹೋಗುವಾಗ ಕಟ್ಟೆಯ ಕೆಳಗಿದ್ದ ಹುಡುಗರು ಕತ್ತೆಯ ಹಾಗೆ ಅರಚುತ್ತಿದ್ದರು. ಕಲಿಸಿದವನು ಮೇಲೆ ಕೂತು ಮೀಸೆಯೊಳಗೇ ನಗುತ್ತಿದ್ದ. ನಾನು ಸಗಣಿ ಉಂಡೆ ಎಸೆದು ಬಂದರೆ ಅವ್ವನಿಂದ ನನಗೇ ಏಟು. ಅಪ್ಪ ಮಾತ್ರ ಏನೂ ಹೇಳುತ್ತಿರಲಿಲ್ಲ. ಆ ಮೌನ ಕಂಡರೆ ನನಗೆ ಸವಾರನ ಮೇಲಿದ್ದಷ್ಟೇ ಕೋಪ ಅಪ್ಪನ ಮೇಲೂ ಬರುತ್ತಿತ್ತು.

ಹೇಸರಗತ್ತೆ ನಡೆಸುವುದು ಕೀಳು ಎಂದು ನಮ್ಮ ಸೀಮೆಯವರು ಹೇಳುವುದೇ ಒಂದು ನಾಚಿಕೆಗೇಡು. ಹುಣಸೂರು ಎನ್ನುವುದೇ ದಂಡಿನ ಬೆನ್ನ ಹಿಂದೆ ಬೆಳೆದ ಊರು. ಸುಲ್ತಾನರ ಕಾಲದಲ್ಲಿ ಫಿರಂಗಿ ಎಳೆದ ಅಮೃತಮಹಲ್ ಎತ್ತುಗಳು ಮೇಯುತ್ತಿದ್ದ ಕಾವಲುಗಳು ನಮ್ಮ ಸುತ್ತಮುತ್ತಲೇ ಇದ್ದವು. ಆಮೇಲೆ ಬಂದ ಬಿಳಿಯರು ಇಲ್ಲೇ ಚರ್ಮ ಹದ ಮಾಡಿಸಿದರು, ಇಲ್ಲೇ ಗಾಡಿ ಕಟ್ಟಿಸಿದರು, ಇಲ್ಲೇ ಕಂಬಳಿ ನೇಯಿಸಿದರು. ಎಲ್ಲವೂ ದಂಡಿಗೆ. ನಮ್ಮ ತಾತ, ಮುತ್ತಾತ ಕಾವಲಿನಲ್ಲಿ ಎತ್ತು ಕಾದವರು. ಎತ್ತು ನಿಂತರೆ ಫಿರಂಗಿ ನಿಲ್ಲುತ್ತಿತ್ತು, ಫಿರಂಗಿ ನಿಂತರೆ ರಾಜ್ಯ ಹೋಗುತ್ತಿತ್ತು. ಆದರೆ ವೀರಗಲ್ಲು ನೆಟ್ಟದ್ದು ಕತ್ತಿ ಹಿಡಿದವನಿಗೆ. ಎತ್ತು ಹೊಡೆದವನಿಗೆ ಯಾವ ಊರಲ್ಲೂ ಒಂದು ಚಪ್ಪಡಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಅಪ್ಪನ ಕೆಲಸ ಏನಿತ್ತೆಂದರೆ, ಹೋಗುವಾಗ ಹೇಸರಗತ್ತೆಯ ಮೇಲೆ ರೊಟ್ಟಿ, ನೀರು, ಗುಂಡಿನ ಪೆಟ್ಟಿಗೆ. ಬರುವಾಗ ಗಾಯದವರು. ಗಾಯದವರನ್ನು ತರುವುದಕ್ಕೆ ಪ್ರಾಣಿಯ ಬೆನ್ನಿನ ಎರಡು ಪಕ್ಕಕ್ಕೂ ಒಂದೊಂದು ಕಬ್ಬಿಣದ ಕುರ್ಚಿ ಇಳಿಬಿಟ್ಟಿರುತ್ತಿದ್ದರು. ಈ ಕಡೆ ಒಬ್ಬ, ಆ ಕಡೆ ಒಬ್ಬ. ಒಬ್ಬನನ್ನೇ ಕೂರಿಸಿದರೆ ಜೀನು ಜಾರಿ ಅವನು ಪ್ರಾಣಿಯ ಹೊಟ್ಟೆಯ ಕೆಳಗೆ ಹೋಗುತ್ತಾನೆ. ಆದ್ದರಿಂದ ಗಾಯದವರು ಯಾವಾಗಲೂ ಜೋಡಿ.

ಆ ಜೋಡಿ ತೂಕದ ಹುಚ್ಚು ಅಪ್ಪನಿಗೆ ಕಡೆಯವರೆಗೂ ಹೋಗಲಿಲ್ಲ. ಅವ್ವ ಎರಡು ಕೊಡ ನೀರು ತಂದರೆ ಎರಡರೊಳಗೂ ಇಣುಕಿ ನೋಡುತ್ತಿದ್ದ. ಸಂತೆಯಲ್ಲಿ ಯಾರದೋ ಗಾಡಿ ಒಂದು ಕಡೆ ವಾಲಿದ್ದರೆ ಅಪ್ಪನಿಗೆ ಹೊಟ್ಟೆನೋವು, ಹೋಗಿ ಮೂಟೆ ಸರಿಸಿ, ಬೈಸಿಕೊಂಡು ಬರುತ್ತಿದ್ದ. ನನ್ನನ್ನು ಕೃಷ್ಣರಾಜನಗರದ ಕಡೆಯ ನಾಲೆ ಊರಿಗೆ ಮದುವೆ ಮಾಡಿ ಕಳಿಸಿದಾಗಲೂ, ಎಲ್ಲರೂ ಅಳುತ್ತಿರುವಾಗ, ಈ ಮನುಷ್ಯ ನನ್ನ ಗಂಟುಗಳನ್ನು ಗಾಡಿಯ ಎಡಕ್ಕೊಂದು ಬಲಕ್ಕೊಂದು ಇಟ್ಟು, ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ನನಗೆ ಅಳುವಿನ ನಡುವೆ ಸಿಟ್ಟು ಬಂತು.

ಈಗ ವೀಳ್ಯದ ಮಾತು. ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಧಾರೆ ಮುಗಿದ ಮೇಲೆ ಮನೆಯ ಯಜಮಾನ ಚಪ್ಪರದಲ್ಲಿ ಕೂತ ಹಿರಿಯರಿಗೆ ವರಸೆ ಪ್ರಕಾರ ವೀಳ್ಯ ಕೊಡಬೇಕು. ಮೊದಲು ಮಠದ ವೀಳ್ಯ, ಆಮೇಲೆ ಗೌಡರ ವೀಳ್ಯ, ಆಮೇಲೆ ಶಾನುಭೋಗರದು, ಅದಾದ ಮೇಲೆ ದಂಡಿಗೆ ಹೋದವನಿಗೆ ದಂಡಿನ ವೀಳ್ಯ. ವರಸೆ ತಪ್ಪಿದರೆ ಹೊಡೆದಾಟವಾಗಿದೆ, ತಲೆ ಒಡೆದಿವೆ. ಒಂದೊಂದು ವೀಳ್ಯವನ್ನೂ ಗಂಟೆ ಹೊಡೆದು ಕೂಗಿ ಹೇಳುವವನು ಚಲವಾದಿ. ಅವನು ಕೇರಿಯವನು. ನಮ್ಮ ಮದುವೆಗೂ ಅವನ ಗಂಟೆ ಬೇಕು, ನಮ್ಮ ಹೆಣದ ಮುಂದೂ ಅವನ ಗಂಟೆ ಬೇಕು, ಆದರೆ ಅವನು ಮಾತ್ರ ಚಪ್ಪರದ ಕಂಬದಿಂದಾಚೆ ನಿಲ್ಲಬೇಕು. ಈ ಚಲವಾದಿಯೇ ಆ ಹುಲ್ಲಿನವನ ತಮ್ಮ. ಓಡಿಹೋದ ಎಂದು ಯಾರನ್ನು ಕಟ್ಟೆಯ ಮೇಲೆ ನಗುತ್ತಿದ್ದರೋ ಅವನ ಒಡಹುಟ್ಟಿದವನು ಪ್ರತಿ ಮದುವೆಯಲ್ಲೂ ಗಂಟೆ ಹೊಡೆದು, "ದಂಡಿನ ವೀಳ್ಯಾ, ಸವಾರ್ರಿಗೆ" ಎಂದು ಗಂಟಲು ಹರಿದುಕೊಳ್ಳಬೇಕಾಗಿತ್ತು.

ನನ್ನ ತಮ್ಮನ ಮದುವೆ ಗೊತ್ತಾದದ್ದು ಐವತ್ತರ ದಶಕದ ನಡುವೆ. ಹೆಣ್ಣು ಪಿರಿಯಾಪಟ್ಟಣದ ಕಡೆಯದು. ನಾನು ಮೊದಲೇ ತೌರಿಗೆ ಬಂದಿದ್ದೆ. ಹೆಗ್ಗಡದೇವನಕೋಟೆಯ ಕಡೆಯಿಂದ ಬಿದಿರು ತರಿಸಿ ಚಪ್ಪರ ಹಾಕುತ್ತಿದ್ದರು. ಸವಾರ ಕೋಲೂರಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

"ಚಪ್ಪರ ಚೆನ್ನಾಗೈತೆ ಕಣಪ್ಪ. ಲಾಯ ಕಟ್ಟಿ ಅಭ್ಯಾಸ ಅಲ್ವಾ ನಿಂಗೆ," ಎಂದ. ಆಮೇಲೆ ದನಿ ತಗ್ಗಿಸದೆ, "ವೀಳ್ಯದ ಹೊತ್ಗೆ ಬತ್ತೀನಿ. ನಿನ್ ಕೈಯಿಂದ ದಂಡಿನ್ ವೀಳ್ಯ ತಗೊಳೋದು ನಂಗೂ ಇದೇ ಮೊದ್ಲು. ತಟ್ಟೆಗಿಕ್ಕೋ ಮುಂಚೆ ಕೈ ಚೆನ್ನಾಗಿ ತೊಳ್ಕೊ. ಲದ್ದಿ ವಾಸನೆ ಇದ್ದಾತು," ಎಂದು ಹೊರಟ.

ಬಿದಿರು ಕಟ್ಟುತ್ತಿದ್ದವರು ತಲೆ ತಗ್ಗಿಸಿ ನಕ್ಕರು. ನಮ್ಮ ಚಪ್ಪರ, ನಮ್ಮ ಅನ್ನ ತಿನ್ನುವವರು. ನಾನು ಒನಕೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅವ್ವ ಸೆರಗು ಹಿಡಿದು ಎಳೆದಳು. ಅಪ್ಪ ಕಂಬ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತ ನಿಂತಿದ್ದ.

ಮರುದಿನ ಸಂತೆ. ಎಲೆ, ಅಡಿಕೆ, ಬೆಲ್ಲ ತರುವುದಕ್ಕೆ ಅಪ್ಪನ ಜೊತೆ ನಾನೂ ಹುಣಸೂರಿಗೆ ಗಾಡಿಯಲ್ಲಿ ಹೋದೆ. ಬರುವಾಗ ಸಾಲುಮರದ ನೆರಳಲ್ಲಿ ಎತ್ತಿಗೆ ನೀರು ಕುಡಿಸುತ್ತಿರುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

"ಆ ವೀಳ್ಯ ಅವ್ನಿಗೆ ಕೊಡ್ತೀಯಾ?"

"ಪದ್ಧತಿ ಕಣವ್ವ. ದಂಡಿನ ವೀಳ್ಯ ಬಿಡಕಾಯ್ತದಾ?"

"ದಂಡಿಗೆ ನೀನೂ ಹೋಗಿದ್ದೆ."

"ಕೊಡೋನೇ ಇಸ್ಕೊಳಕಾಯ್ತದಾ?"

"ಹಂಗಾರೆ ನಿನ್ನ ಮರ್ವಾದೆ ನಿನ್ ಕೈಯಾರೆ ತಟ್ಟೇಲಿಟ್ಟು ಅವ್ನಿಗೆ ಕೊಡು! ನಾನು ಆ ಹೊತ್ಗೆ ಬಾವಿ ನೋಡ್ಕೋತೀನಿ!" ಎಂದು ಕಿರುಚಿದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ನಾನು ಬಾವಿಗೆ ಬೀಳುವವಳಲ್ಲ, ಬೀಳಿಸುವವಳು. ಅಪ್ಪನಿಗೂ ಅದು ಗೊತ್ತಿತ್ತು. ಆದರೂ ಕೈಯಲ್ಲಿದ್ದ ಹಗ್ಗ ಬಿಟ್ಟ. ಎತ್ತಿನ ಕೊರಳು ತುರಿಸುತ್ತ ಹೇಳಿದ. ಅವ್ವನಿಗೂ ಹೇಳಿರದ ಮಾತು.

ಮರಳುಗಾಡಿನಲ್ಲಿ ಒಂದು ಬೆಳಗ್ಗೆ ಸವಾರನ ತೊಡೆಗೆ ಗುಂಡು ಬಿತ್ತು. ಅವನು ಬಿದ್ದಾಗ ಉಳಿದ ಕುದುರೆಗಳು ಮುಂದಕ್ಕೆ ಹೋದವು. ಅವನನ್ನು ಎಳೆದು ತರುವುದಕ್ಕೆ ಓಡಿದವನು ಹುಲ್ಲಿನವನು. ಎಳೆದು ತಂದ, ಆದರೆ ಬರುವಾಗ ತಾನೂ ಹೊಟ್ಟೆಗೆ ಗುಂಡು ತಿಂದ. ಆ ಹೊತ್ತಿಗೆ ಗಾಯದವರನ್ನು ಒಯ್ಯಲು ಅಲ್ಲಿಗೆ ಬಂದ ಹೇಸರಗತ್ತೆ ನಮ್ಮಪ್ಪನದು. ಒಂದೇ ಊರಿನ ಮೂವರು ದಿಕ್ಕಿಲ್ಲದ ಜಾಗದಲ್ಲಿ ಹೀಗೆ ಸೇರಿದರು. ಅಪ್ಪ ಈ ಕಡೆ ಕುರ್ಚಿಯಲ್ಲಿ ಸವಾರನನ್ನು ಕೂರಿಸಿದ, ಆ ಕಡೆ ಹುಲ್ಲಿನವನನ್ನು. ಸವಾರ ಅಷ್ಟು ನೋವಿನಲ್ಲೂ ಮೊದಲು ಹೇಳಿದ ಮಾತು, "ಅವ್ನ ಜೊತೆ ಕೂರಿಸ್ತೀಯಾ ನನ್ನ?" ಎಂದು. ಅಪ್ಪ ಕಿವಿಗೆ ಹಾಕಿಕೊಳ್ಳದೆ ಇಬ್ಬರ ಸೊಂಟಕ್ಕೂ ಪಟ್ಟಿ ಬಿಗಿದು ಹೊರಟ.

ಗಾಯದವರಿಗೆ ಔಷಧಿ ಮಾಡುವ ಡೇರೆ ದೂರವಿತ್ತು. ದಾರಿಯಲ್ಲಿ ಹುಲ್ಲಿನವನು ನೀರು ಕೇಳಿದ, ಅವ್ವನನ್ನು ಕರೆದ, ಸತ್ತ.

"ಸತ್ತಿದ್ದು ಇವ್ನಿಗೆ ಗೊತ್ತಾಗಿ ಬುಡ್ತು," ಎಂದ ಅಪ್ಪ. "ಬೆನ್ನಿಗೆ ಬೆನ್ನು ಅಂಟ್ಕೊಂಡಂಗೆ ಕೂತಿರ್ತಾರಲ್ಲ. ಕಿರುಚ್ಕೊಂಡ. ಪಟ್ಟಿ ಕಡ್ದಾಕು, ಮೈಲಿಗೆ ಹೆಣ, ಕಡ್ದಾಕು ಅಂತ. ಕಡ್ದಾಕುದ್ರೆ ನೀನೂ ಬೀಳ್ತೀಯ ಕಣಪ್ಪ ಅಂದೆ. ಕಲ್ಲು ಕಟ್ಟು ಅಂದ. ಎಲ್ಲಿ ನೋಡುದ್ರೂ ಮರಳು."

"ನಿಜವಾಗ್ಲೂ ಏನೂ ಸಿಗ್ಲಿಲ್ವಾ?" ಎಂದು ಕೇಳಿದೆ.

ಅಪ್ಪ ಎತ್ತಿನ ಕೊರಳು ಬಿಟ್ಟ. "ಹುಡುಕಿದ್ರೆ ಸಿಗ್ತಿತ್ತೇನೋ. ನಾನು ಹುಡುಕ್ಲಿಲ್ಲ. ನಮ್ಮೂರೋನು ಕಣವ್ವ ಅವ್ನು. ಹದ್ದಿಗಾಕಿ ಬರಕಾಯ್ತದಾ?"

ಡೇರೆ ಮುಟ್ಟಿದ ಮೇಲೆ ಅಪ್ಪ ತಾನೇ ಗುಂಡಿ ತೋಡಿ ಹುಲ್ಲಿನವನಿಗೆ ಮಣ್ಣು ಕೊಟ್ಟ. ಇತ್ತ ಸವಾರ ಹಾಸಿಗೆಯಲ್ಲಿ ಮಲಗಿ ಅಪ್ಪನ ಕೈ ಹಿಡಿದುಕೊಂಡು ಗೋಳಾಡಿದ. ಕೇರಿಯವನ ಹೆಣದ ಭಾರದ ಮೇಲೆ ಬದುಕಿ ಬಂದವನು ಎಂದು ಊರಿಗೆ ಗೊತ್ತಾದರೆ ಪಂಕ್ತಿಗೆ ಸೇರಿಸುವುದಿಲ್ಲ, ಹೆಣ್ಣು ಕೊಡುವುದಿಲ್ಲ, ಯಾರಿಗೂ ಹೇಳಬೇಡ ಎಂದು ಅಪ್ಪನ ಎದೆಯ ಮೇಲಿನ ಲಿಂಗದ ಮೇಲೆ ಆಣೆ ಇಡಿಸಿಕೊಂಡ. ಗಾಯದವನು ಕೇಳುತ್ತಿದ್ದಾನೆ ಎಂದು ಅಪ್ಪ ಆಣೆ ಇಟ್ಟ. ಊರಿಗೆ ಬಂದು ನೋಡಿದರೆ ಸವಾರ ಆಗಲೇ ಕಟ್ಟೆಯ ಮೇಲೆ ಕೂತು, ಓಡಿಹೋದ ಕಥೆ ಹೇಳುತ್ತಿದ್ದ. ಅಪ್ಪ ಗುಟ್ಟಾಗಿ ಕೇರಿಗೆ ಹೋಗಿ ಹುಲ್ಲಿನವನ ತಾಯಿಗೆ ಇಷ್ಟೇ ಹೇಳಿದನಂತೆ: "ಓಡೋಗ್ಲಿಲ್ಲ ಕಣವ್ವ. ಸತ್ತ. ನಾನೇ ಮಣ್ಣು ಕೊಟ್ಟೆ." ಹೇಗೆ ಸತ್ತ ಎಂದು ಆಕೆ ಕೇಳಿದಳು. ಅದನ್ನು ಹೇಳುವ ಹಾಗಿರಲಿಲ್ಲ. ಆಕೆ ಅಷ್ಟನ್ನೇ ಉಳಿದ ಮಗನಿಗೆ, ಈ ಚಲವಾದಿಗೆ, ಹೇಳಿ ಕಣ್ಣು ಮುಚ್ಚಿದಳು. ಊರು ಮಾತ್ರ ನಗುತ್ತಲೇ ಇತ್ತು.

ಹೊತ್ತು ತಂದವನನ್ನೇ ಅವನು ಯಾಕೆ ಕಂಡಕಂಡಲ್ಲಿ ತಿವಿಯುತ್ತಿದ್ದ ಎನ್ನುವುದು ನನಗೆ ಆ ಮರದ ಕೆಳಗೆ ತಿಳಿಯಿತು. ಅವನು ಕೈ ಹಿಡಿದು ಗೋಳಾಡಿದ್ದನ್ನು ಕಂಡ ಎರಡು ಕಣ್ಣು ಊರಲ್ಲಿ ಓಡಾಡಿಕೊಂಡಿದ್ದವಲ್ಲ, ಅದನ್ನು ಅವನು ಸಹಿಸುವುದು ಹೇಗೆ? ತಿಳಿಯಿತು ಎಂದ ಮಾತ್ರಕ್ಕೆ ಕೋಪ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಅಪ್ಪನ ಮೇಲೂ ಇಮ್ಮಡಿಯಾಯಿತು. "ಆಣೆ ಅವ್ನು ಕೇಳ್ದ, ನೀನಿಟ್ಟೆ. ಆ ಸತ್ತೋನೂ ನಿನ್ನ ಏನಾದ್ರೂ ಕೇಳ್ತಿದ್ನೋ ಏನೋ. ಅವ್ನ ಬಾಯಿ ಮಣ್ಣಾಗಿತ್ತು, ಅದ್ಕೇ ನಿಂಗೆ ಕೇಳುಸ್ಲಿಲ್ಲ," ಎಂದೆ. ಅಪ್ಪ ಎತ್ತು ಹೂಡಿದ. ಊರು ಮುಟ್ಟುವವರೆಗೂ ನಾನು ಅವನ ಮುಖ ನೋಡಲಿಲ್ಲ.

ಮದುವೆಯ ದಿನ ಸವಾರ ಕೋಟು ತೊಟ್ಟು, ಬಿಲ್ಲೆ ಉಜ್ಜಿಕೊಂಡು ಬಂದು ಮುಂದಿನ ಜಮಖಾನದ ಮೇಲೆ ಕೂತ. ಮಠದ ವೀಳ್ಯವಾಯಿತು. ಗೌಡರದಾಯಿತು. ಶಾನುಭೋಗರದಾಯಿತು. ಚಲವಾದಿ ಗಂಟೆ ಹೊಡೆದು "ದಂಡಿನ ವೀಳ್ಯಾ" ಎಂದ. ಸವಾರ ಶಾಲು ಸರಿಮಾಡಿಕೊಂಡು ಕೈ ಅರ್ಧ ಮುಂದೆ ಚಾಚಿದ.

ಅಪ್ಪ ತಟ್ಟೆ ಹಿಡಿದು ಅವನ ಮುಂದಿನಿಂದ ನಡೆದುಹೋದ. ಜಮಖಾನ ದಾಟಿದ, ಹೆಂಗಸರ ಗುಂಪು ದಾಟಿದ, ಚಪ್ಪರದ ಕಡೆಯ ಕಂಬದ ಹತ್ತಿರ ನಿಂತ. ಕಂಬದ ಆಚೆ ಚಲವಾದಿ, ಈಚೆ ನಮ್ಮಪ್ಪ.

"ನಿಮ್ಮಣ್ಣನ ಹೆಸ್ರು ಕೂಗು," ಎಂದ.

ಚಲವಾದಿ "ಬ್ಯಾಡಿ ಬುದ್ಧಿ," ಎಂದು ಹಿಂದಕ್ಕೆ ಸರಿದ.

"ದಂಡಿಗೆ ಹೋಗಿ ಸತ್ತೋನು ನಮ್ಮೂರಲ್ಲಿ ಅವ್ನೊಬ್ಬ. ಕೂಗು."

ಅಷ್ಟರಲ್ಲಿ ಸವಾರ ಎದ್ದು ನಿಂತಿದ್ದ. ಮುಖ ಕೆಂಡವಾಗಿತ್ತು. "ಓಡೋದೋನ್ಗೆ ವೀಳ್ಯನಾ? ಕೇರಿಯೋನ್ಗೆ, ಗೌಡ್ರ ಪಕ್ಕಕ್ಕೆ ವೀಳ್ಯನಾ? ಕೇಳೋರು ಯಾರೂ ಇಲ್ವಾ ಈ ಊರಲ್ಲಿ?"

ಅಪ್ಪ ತಿರುಗಿದ. ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಓಡೋದ್ನಾ? ಹಂಗಾರೆ ನೀನು ಬರೋವಾಗ ನಿನ್ನ ಆ ಕಡೆ ಯಾರು ಕೂತಿದ್ರು, ಅದ್ನ ಹೇಳು. ನಾನು ಹೇಳಂಗಿಲ್ಲ, ಆಣೆ ಇಟ್ಟಿವ್ನಿ. ನೀನೇ ಹೇಳು."

ಚಪ್ಪರವೆಲ್ಲ ಸವಾರನ ಮುಖ ನೋಡಿತು. ಅಪ್ಪ ಏನು ಕೇಳುತ್ತಿದ್ದಾನೆ ಎಂದು ಯಾರಿಗೂ ಅರ್ಥವಾಗಿರಲಿಲ್ಲ, ನನಗೆ ಮತ್ತು ಅವನಿಗೆ ಬಿಟ್ಟು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅಪ್ಪ ಆಣೆ ಮುರಿದಂತೆ, ಪಿರಿಯಾಪಟ್ಟಣದ ಬೀಗರು ಎದ್ದು ಹೋಗುತ್ತಾರೋ ಏನೋ ಎನ್ನುವ ಭಯ ಬೇರೆ. ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಸವಾರ ಕೋಲು ಎತ್ತಿಕೊಂಡು, ಉಣ್ಣದೆ, ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಟುಹೋದ. ವೀಳ್ಯದ ತಟ್ಟೆಯನ್ನು ಅಪ್ಪ ಕಂಬದ ಬುಡದಲ್ಲಿ ಇಟ್ಟ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಚಲವಾದಿ ಅದನ್ನು ಎತ್ತಿಕೊಂಡ. ಹೆಸರು ಮಾತ್ರ ಕೂಗಲಿಲ್ಲ.

ಊರು ಸುಮ್ಮನಿರುತ್ತದೆಯೇ? ವರಸೆ ಕೆಡಿಸಿದ ತಪ್ಪಿಗೆ ನಮ್ಮ ಮನೆಗೆ ಬೆಂಕಿ ಕೊಡುವುದಿಲ್ಲ, ನೀರು ಸೇದುವುದಕ್ಕೆ ಬಿಡುವುದಿಲ್ಲ ಎಂದು ಹಿರಿಯರು ತೀರ್ಮಾನ ಮಾಡಿದರು. ಕ್ಷೌರಿಕ ಬರಲಿಲ್ಲ, ಮಡಿವಾಳ ಬರಲಿಲ್ಲ. ಕಣದಲ್ಲಿ ರಾಗಿ ಬಡಿಯುವುದಕ್ಕೆ ಆಳು ಸಿಗದೆ ಅಪ್ಪ, ತಮ್ಮ, ಹೊಸ ಸೊಸೆ ಮೂವರೇ ಬಡಿದರು. ಆ ಹುಡುಗಿ ಕೈ ಬೊಬ್ಬೆ ಬಂದರೂ ತೌರಿಗೆ ಹೋಗುತ್ತೇನೆ ಅನ್ನಲಿಲ್ಲ, ಅದಕ್ಕೆ ಅವಳನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ನಮ್ಮನ್ನು ದೂರವಿಟ್ಟವರೆಲ್ಲ ಎರಡು ಮಳೆಗಾಲ ಕಳೆದ ಮೇಲೆ ಒಬ್ಬೊಬ್ಬರಾಗಿ ಎತ್ತು ಕೇಳಿಕೊಂಡು, ಗಾಡಿ ಕೇಳಿಕೊಂಡು ಬಂದರು. ನಾಚಿಕೆ ಇಲ್ಲದ ಜನ. ಅಪ್ಪ ಕೊಟ್ಟ. ನಾನಾಗಿದ್ದರೆ ಗೂಟವನ್ನೂ ಕೊಡುತ್ತಿರಲಿಲ್ಲ.

ಸವಾರ ಮಾತ್ರ ಬರಲಿಲ್ಲ. ಆದರೆ ಕಟ್ಟೆಯ ಮೇಲೆ ಓಡಿಹೋದ ಕಥೆ ನಿಂತಿತು. ಯಾರಾದರೂ ಕೇಳಿದರೆ ಕೆಮ್ಮಿ ಬೇರೆ ಮಾತು ತೆಗೆಯುತ್ತಿದ್ದನಂತೆ. ಆ ದಶಕ ಮುಗಿಯುವ ಮುಂಚೆಯೇ, ನಾನು ಬಾಣಂತನಕ್ಕೆ ತೌರಿನಲ್ಲಿದ್ದಾಗ, ಒಂದು ಬೆಳಗ್ಗೆ ಅವನು ಸತ್ತ ಎಂದು ಸುದ್ದಿ ಬಂತು. ನಿಜ ಹೇಳುತ್ತೇನೆ, ನನಗೆ ಅಯ್ಯೋ ಅನ್ನಿಸಲಿಲ್ಲ. ಹೇಳಬೇಕಾದದ್ದನ್ನು ಹೇಳದೆ ತಪ್ಪಿಸಿಕೊಂಡ ಎಂದು ಹಲ್ಲು ಕಡಿದೆ. ಓಡಿಹೋದವನು ಯಾರು ಈಗ?

ನಮ್ಮಲ್ಲಿ ಹೆಣ ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ವಾಲದ ಹಾಗೆ ಪಟ್ಟಿ ಕಟ್ಟುತ್ತಾರೆ. ಆಮೇಲೆ ಬಿದಿರಿನ ವಿಮಾನದೊಳಗೆ ಕೂತ ಭಂಗಿಯಲ್ಲೇ ಇಟ್ಟು ಹೊರುತ್ತಾರೆ. ಸವಾರನಿಗೆ ಅವನ ಮಕ್ಕಳು ಕೋಟು ತೊಡಿಸಿದ್ದರು, ಬಿಲ್ಲೆ ಹಾಕಿದ್ದರು, ಮೀಸೆಯನ್ನೂ ತಿರುವಿದ್ದರು. ವಿಮಾನದಲ್ಲಿ ಕಟ್ಟೆಯ ಮೇಲೆ ಕೂತ ಹಾಗೆಯೇ ಕೂತಿದ್ದ. ನಾನು ಕೂಸನ್ನು ಅವ್ವನ ಕೈಗೆ ಕೊಟ್ಟು ಎದುರು ಮನೆಯ ಜಗಲಿಯಿಂದ ನೋಡುತ್ತಿದ್ದೆ. ಅಪ್ಪ ಬೀದಿಯ ಅಂಚಿನಲ್ಲಿ ನಿಂತಿದ್ದ.

ವಿಮಾನ ಎತ್ತಬೇಕು. ಗಂಟೆಯ ಸದ್ದಾಗಲಿಲ್ಲ. ಚಲವಾದಿ ಗಂಟೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ.

"ಯಾಕ್ಲಾ ನಿಂತೆ? ಹೊಡಿ," ಎಂದ ಹಿರಿಯ ಮಗ.

"ಹೊಡೀತೀನಿ ಬುದ್ಧಿ. ನಮ್ಮಣ್ಣ ಓಡೋಗ್ಲಿಲ್ಲ ಅಂತ ನಿಮ್ಮನೆಯೋರೊಬ್ರು ಹೇಳಿ. ಅಷ್ಟೇ ಸಾಕು."

ಗಂಟೆಯಿಲ್ಲದೆ ಹೆಣ ಹೊರಡುವ ಹಾಗಿಲ್ಲ. ಹೊಡೆಯುವ ಹಕ್ಕು ಇನ್ನೊಬ್ಬನಿಗಿಲ್ಲ. ಗೌಡರು ಗದರಿದರು, ಹಿರಿಯ ಮಗ ಕೈ ಎತ್ತಿಕೊಂಡು ಹೋದ, ಚಲವಾದಿ ಕಣ್ಣು ಮುಚ್ಚಿದನೇ ಹೊರತು ಕೈ ಅಲ್ಲಾಡಿಸಲಿಲ್ಲ. ಬಿಸಿಲು ಏರುತ್ತಿತ್ತು. ಹೂವಿನ ಮೇಲೆ ನೊಣ ಕೂರುತ್ತಿದ್ದವು. ಆ ಮನೆಯವರು ಬಾಯಿ ಬಿಡಲಿಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಗೊತ್ತಿಲ್ಲದಿದ್ದರೂ ಆ ಒಂದು ಮಾತು ಹೇಳುವುದಕ್ಕೆ ಅವರ ಗಂಟೇನು ಹೋಗುತ್ತಿತ್ತು?

ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. ವಿಮಾನದ ಎದುರಿಗೆ ನಿಂತು, ಎದೆಯ ಮೇಲಿನ ಲಿಂಗ ಮುಟ್ಟಿಕೊಂಡ.

"ಆಣೆ ಇಡಿಸ್ಕೊಂಡೋನು ಹೋದ. ಆಣೇನೂ ಅವ್ನ ಜೊತೆ ಹೋಯ್ತು," ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ಹುಲ್ಲಿನವನು ಓಡಿದ್ದು ನಿಜ, ಆದರೆ ಗುಂಡು ಬರುವ ಕಡೆಗೆ ಓಡಿದ ಎಂದು ಹೇಳಿದ. ಎಳೆದು ತಂದದ್ದು, ಹೊಟ್ಟೆಗೆ ಪೆಟ್ಟು ಬಿದ್ದದ್ದು, ಎರಡು ಕುರ್ಚಿ, ದಾರಿಯಲ್ಲಿ ಸತ್ತದ್ದು, ಕಡಿದು ಹಾಕು ಎಂದು ಇವನು ಕಿರುಚಿದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ ವಿಮಾನದೊಳಗೆ ಕೂತವನ ಕಡೆ ಕೈ ತೋರಿಸಿದ.

"ಅವತ್ತು ಚಲವಾದಿ ಅಣ್ಣ ಹಿಂಗೇ ಕೂತಿದ್ದ. ಹಿಂಗೇ ಸೊಂಟಕ್ಕೆ ಪಟ್ಟಿ ಕಟ್ಟಿದ್ದೆ. ಹಿಂಗೇ ತಲೆ ವಾಲ್ದಂಗೆ ರುಮಾಲು ಬಿಗ್ದಿದ್ದೆ. ಆ ಕಡೆ ಅವ್ನು ಸತ್ತು ಕೂತಿದ್ದ, ಅದ್ಕೇ ಈ ಕಡೆ ಇವ್ನು ಬೀಳ್ಲಿಲ್ಲ. ಇವ್ನು ನಿಮ್ಮನ್ನೆಲ್ಲ ಹುಟ್ಸಿದ್ದು ಆ ಹೆಣದ ಭಾರದಿಂದ ಕಣ್ರಪ್ಪ."

ನಾನು ಸವಾರನ ಮುಖವನ್ನೇ ನೋಡುತ್ತಿದ್ದೆ. ಎಲ್ಲ ಕೇಳಿಸಿಕೊಂಡವನ ಹಾಗೆ ನೆಟ್ಟಗೆ ಕೂತಿದ್ದ, ಎದ್ದು ಹೋಗುವುದಕ್ಕೆ ಅವನ ಕೈಯಲ್ಲಿ ಕೋಲಿರಲಿಲ್ಲ.

ಚಲವಾದಿ ಅಪ್ಪನ ಹತ್ತಿರ ಬಂದು, "ನೀರು ಕೇಳುದ್ನಾ ಬುದ್ಧಿ?" ಎಂದ.

"ಕೇಳ್ದ. ಕೊಟ್ಟೆ ಕಣಪ್ಪ. ನನ್ನ ಚೊಂಬಲ್ಲೇ ಕುಡ್ದ."

ಚಲವಾದಿ ಹೆಣಕ್ಕೆ ಬೆನ್ನು ಮಾಡಿ, ಕೇರಿಯ ಕಡೆ ತಿರುಗಿ, ಒಂದು ಸಲ ಗಂಟೆ ಹೊಡೆದ. ಅಣ್ಣನ ಹೆಸರು ಹಿಡಿದು ಕೂಗಿದ. ಮದುವೆಯಲ್ಲಿ ಹೊರಡದ ಆ ಹೆಸರು ಈಗ ಊರಿನ ಕೊನೆಯ ಮನೆಗೂ ಕೇಳಿಸಿರಬೇಕು. ಆಮೇಲೆ ಕಣ್ಣೊರೆಸಿಕೊಂಡು ವಿಮಾನದ ಮುಂದೆ ಬಂದು ನಿಂತ.

ಹೊರುವವರು ಹೆಗಲು ಕೊಟ್ಟರು. ಎತ್ತುವಾಗ ಎಡಗಡೆ ತಗ್ಗಿತು. ಅಪ್ಪನಿಗೆ ಅದನ್ನು ನೋಡಿಕೊಂಡು ಇರುವುದಕ್ಕೆ ಆಗುತ್ತದೆಯೇ? ಹೆಗಲು ಕೊಡುವುದಕ್ಕೆಂದು ಎಡಗಡೆಗೆ ಹೋದ. ಹಿರಿಯ ಮಗ ಅಡ್ಡ ನಿಂತು, "ನೀವು ಮುಟ್ಬ್ಯಾಡಿ," ಎಂದ.

"ಬ್ಯಾಡ ಬುಡು," ಎಂದ ಅಪ್ಪ. "ನಾನು ಒಂದ್ಸಲ ಹೊತ್ತಿವ್ನಿ."

ಗಂಟೆ ಹೊಡೆದುಕೊಂಡು ಚಲವಾದಿ ಮುಂದೆ ನಡೆದ. ವಿಮಾನ ಎಡಕ್ಕೆ ವಾಲಿಕೊಂಡೇ ಹೋಯಿತು.